ಫಿಲ್ಟರಿನ ಮಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ವಿಶೇಷವಾಗಿ ಶೆಟ್ಟಿಕೆರೆಯ ಆಸುಪಾಸಿನಲ್ಲಿ, ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಒಂದು ಮಾನವ ಪ್ರಭೇದಕ್ಕೆ ‘ಆಫ್‌ರೋಡ್ ರೈಡರ್’ ಎಂಬ ಹೆಸರಿದೆ. ಆ ಹೆಸರಿನಿಂದ ಅವನನ್ನು ಕರೆಯುವವನು ಬಹುತೇಕ ಅವನೊಬ್ಬನೇ. ಆಫ್‌ರೋಡ್ ಬೈಕ್ ಎಂದರೆ ಟಾರು ಕಾಣದ ದಾರಿಗಾಗಿ ನೆಲದಿಂದ ಎತ್ತರಿಸಿ, ಉದ್ದನೆಯ ಶಾಕ್‌ಅಬ್ಸಾರ್ಬರನ್ನೂ ಗಂಟುಗಂಟಾದ ಟೈರುಗಳನ್ನೂ ಕೊಟ್ಟು ಮಾಡಿದ ಮೋಟಾರ್ ಸೈಕಲ್. ಇದರ ಒಡೆಯನು ವಾರದ ಐದು ದಿನ ಬೆಂಗಳೂರಿನ ಕಂಪನಿಯೊಂದರಲ್ಲಿ ಕುಳಿತಿದ್ದು, ಶನಿವಾರ ಹೆದ್ದಾರಿಯ ಟಾರಿನ ಮೇಲೆಯೇ ಊರಿಗೆ ಬಂದು, ರಸ್ತೆಯಿಂದ ತೋಟದ ಮನೆಯವರೆಗಿನ ಕೊನೆಯ ಗಾಡಿಜಾಡನ್ನು ಮಾತ್ರ ‘ಟ್ರೇಲ್’ ಎಂದು ಕರೆಯುತ್ತಾನೆ.

ಈ ಪ್ರಭೇದದ ಪಾಂಡಿತ್ಯ ಸಾಮಾನ್ಯವಾದುದಲ್ಲ. ಮರಳುಗಾಡು, ಬೆಟ್ಟಗಳ ನಡುವೆ ಸುಮಾರು ಎರಡು ವಾರ ನಡೆಯುವ ಡಕಾರ್ ರ‍್ಯಾಲಿಯಲ್ಲಿ 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬೈಕ್ ಓಡಿಸಿದ್ದನ್ನೂ, 2017ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಅದೇ ಕಣಕ್ಕೆ ಇಳಿದದ್ದನ್ನೂ ಅವನು ಊಟದ ನಡುವೆ ವಿವರಿಸುತ್ತಾನೆ. ಅವನ ತಾಯಿಗೂ ಅರವಿಂದ್ ಪರಿಚಿತರೇ. ಆದರೆ ಆಕೆ ಅವರನ್ನು ಬಲ್ಲುದು 2021ರ ಬಿಗ್ ಬಾಸ್‌ನಲ್ಲಿ ತಮ್ಮ ಜಿಲ್ಲೆಯ ಮಂಜು ಪಾವಗಡ ಅವರೆದುರು ಎರಡನೆಯ ಸ್ಥಾನಕ್ಕೆ ನಿಂತವರೆಂದು. ಹೀಗಾಗಿ ಮರಳುಗಾಡಿನ ವಿಷಯ ಆ ಮನೆಯಲ್ಲಿ ಸಾರಿನ ಆಚೆಗೆ ಬೆಳೆಯುವುದಿಲ್ಲ.

ಅವನ ನಿಜವಾದ ಆರಾಧ್ಯ ದೈವ ಏರ್ ಫಿಲ್ಟರ್, ಅಂದರೆ ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಜರಡಿ. ಈ ದೈವಕ್ಕೆ ಮಹಿಮೆ ಇಲ್ಲದಿಲ್ಲ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾಗುವುದರಿಂದ, ಒಂದು ಲೀಟರ್ ಪೆಟ್ರೋಲಿನ ಜೊತೆ ಎಂಜಿನ್ ಸುಮಾರು 9,000 ಲೀಟರ್ ಗಾಳಿಯನ್ನು ಕುಡಿಯುತ್ತದೆ. ಆ ಗಾಳಿಯೊಡನೆ ಮಣ್ಣಿನ ಸಣ್ಣ ಹರಳುಗಳು ಒಳನುಗ್ಗಿದರೆ ಸಿಲಿಂಡರಿನ ಗೋಡೆಯೂ ಪಿಸ್ಟನ್ ರಿಂಗುಗಳೂ ಮರಳು ಕಾಗದ ಉಜ್ಜಿದಂತೆ ಸವೆಯುತ್ತವೆ. ಜರಡಿಯೇ ಕಟ್ಟಿಕೊಂಡರೆ ಎಂಜಿನ್ ಏದುಸಿರು ಬಿಡುತ್ತದೆ, ಏರು ಬಂದಲ್ಲಿ ಸೋಲುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಧೂಳಿನ ವಿಷಯದಲ್ಲಂತೂ ಈ ಸೀಮೆ ಬಡವಾದುದಲ್ಲ: ಬೇಸಗೆಯ ಕೆಮ್ಮಣ್ಣು, ಮಟ್ಟೆಯಿಂದ ನಾರು ತೆಗೆಯುವ ಕಾರ್ಖಾನೆಗಳ ಕಂದು ಪುಡಿ, ಇವುಗಳ ಜೊತೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಚಿಕ್ಕನಾಯಕನಹಳ್ಳಿ ಕಡೆಯ ಅದಿರಿನ ಲಾರಿಗಳು ಹರಡುತ್ತಿದ್ದ ಕೆಂಪು ಧೂಳು.

ಆದುದರಿಂದ ಭಾನುವಾರ ಬೆಳಗಾದೊಡನೆ ಫಿಲ್ಟರಿನ ಮಡಿ ಆರಂಭವಾಗುತ್ತದೆ. ಅವನ ಬೈಕಿನಲ್ಲಿ ಕಂಪನಿ ಕೊಟ್ಟ ಕಾಗದದ ಫಿಲ್ಟರಿನ ಜಾಗಕ್ಕೆ ಈಗ ಫೋಮಿನದು, ಎಂದರೆ ಎಣ್ಣೆ ಹಿಡಿಸಿದ ಸ್ಪಂಜಿನದು, ಬಂದು ಕುಳಿತಿದೆ. ಮೊದಲು ಸೀಟು ಕಳಚಿ, ಫಿಲ್ಟರ್ ಹೊರತೆಗೆದು, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಒಣಬಟ್ಟೆ ತುರುಕಲಾಗುತ್ತದೆ. ಇಲ್ಲವಾದರೆ ವರ್ಷವಿಡೀ ತಡೆದ ಧೂಳು ಒಂದೇ ಗಳಿಗೆಯಲ್ಲಿ ಒಳಗಿಳಿದೀತು. ಬಳಿಕ ಸ್ಪಂಜನ್ನು ಸೀಮೆಎಣ್ಣೆಯಲ್ಲೋ ಅದಕ್ಕೆಂದೇ ಮಾರುವ ದ್ರಾವಣದಲ್ಲೋ ಅದ್ದಿ, ಸೋಪಿನ ನೀರಿನಲ್ಲಿ ತೊಳೆಯಬೇಕು. ಪೆಟ್ರೋಲು ನಿಷಿದ್ಧ, ಏಕೆಂದರೆ ಅದು ಸ್ಪಂಜಿನ ಅಂಟನ್ನು ಬಿಡಿಸುತ್ತದೆ, ಜೊತೆಗೆ ಬೆಂಕಿಯ ಭಯವೂ ಇದೆ. ಸೀರೆ ಹಿಂಡುವಂತೆ ತಿರುಚಿ ಹಿಂಡುವುದೂ ನಿಷಿದ್ಧ. ಅಂಗೈಯಲ್ಲಿ ಅದುಮಿ ನೀರು ಇಳಿಸಬೇಕು, ನೆರಳಲ್ಲಿ ಒಣಗಿಸಬೇಕು. ಈ ಹಂತದಲ್ಲಿ ಮನೆಯ ಬಟ್ಟೆಗಳೆಲ್ಲ ತಂತಿಯಿಂದ ಇಳಿಯಬೇಕಾಗುತ್ತದೆ, ಏಕೆಂದರೆ ಸ್ಪಂಜನ್ನು ಯಾರೂ ಮುಟ್ಟಕೂಡದು. ಮಡಿಯ ಬಟ್ಟೆಗಾಗಿ ಹಿಂದೆ ಅಜ್ಜಿಯರು ಕಾಯ್ದುಕೊಂಡಿದ್ದ ಅಂತರ ಆ ಅಂಗಳಕ್ಕೆ ಮರಳಿ ಬಂದಿರುವುದು ಹೀಗೆ.

ಒಣಗಿದ ಸ್ಪಂಜಿಗೆ ಎಣ್ಣೆ ಹಿಡಿಸುವುದು ಮುಂದಿನ ವಿಧಿ. ಎಣ್ಣೆ ಹಚ್ಚಿದ ತಲೆಗೆ ಧೂಳು ಹೇಗೆ ಮೆತ್ತಿಕೊಳ್ಳುವುದೋ ಹಾಗೆಯೇ ಅಂಟಾದ ಸ್ಪಂಜು ಹಾಯುವ ಗಾಳಿಯ ಧೂಳನ್ನು ಹಿಡಿದಿಡುತ್ತದೆ. ಒಣ ಸ್ಪಂಜಿನ ರಂಧ್ರಗಳಲ್ಲಿ ಧೂಳು ನುಸುಳಿಬಿಡುತ್ತದೆ. ಈ ಮಾತು ಕೇಳಿದೊಡನೆ ತೆಂಗಿನ ಸೀಮೆಯ ತಾಯಿ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನು ತಂದಿಡುವುದು ಸಹಜ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಧನುರ್ಮಾಸದ ಮುಂಜಾನೆ ಬಾಟಲಿಯಿಂದ ಇಳಿಯಲೊಲ್ಲದ ಆ ಎಣ್ಣೆ ಸ್ಪಂಜಿನೊಳಗೂ ಹಾಗೆಯೇ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಆದುದರಿಂದ ಒಂದು ತೋಟದ ಕಾಯಿಯನ್ನೆಲ್ಲ ಮಾರುವ ಮನೆಗೆ ಒಂದು ಡಬ್ಬಿ ಫಿಲ್ಟರ್ ಆಯಿಲ್ ಕೊರಿಯರ್‌ನಲ್ಲಿ ಬರುತ್ತದೆ. ಕಳಚಿದ ಕಾಗದದ ಫಿಲ್ಟರನ್ನೂ ಅವನು ಎಸೆದಿಲ್ಲ. ಅದನ್ನು ತೊಳೆಯುವಂತಿಲ್ಲ, ಅವಧಿ ಮುಗಿದಾಗ ಬದಲಿಸಬೇಕು ಎಂಬುದು ಶಾಸ್ತ್ರ. ತೊಳೆಯಲಾಗದ ದುಃಖದಲ್ಲಿ ಅವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

ಇಷ್ಟೆಲ್ಲ ಮಡಿಯಲ್ಲಿ ಇರುವ ಲೋಪ ಒಂದೇ: ಫಿಲ್ಟರಿನಲ್ಲಿ ಕೊಳೆ ಇರುವುದಿಲ್ಲ. ಹತ್ತಿರದ ಮದಲಿಂಗನ ಕಣಿವೆಗೆ ಹೊರಡುವ ಯೋಜನೆ ಪ್ರತಿ ವಾರವೂ ಸಿದ್ಧವಾಗುತ್ತದೆ, ಆದರೆ ಸ್ಪಂಜು ಒಣಗುವ ಹೊತ್ತಿಗೆ ಬೆಂಗಳೂರಿಗೆ ಮರಳುವ ಹೊತ್ತೂ ಆಗಿರುತ್ತದೆ. ಅವನ ಫಿಲ್ಟರುಗಳು ಧೂಳಿನಿಂದ ಹಾಳಾಗುವುದಿಲ್ಲ, ಸ್ನಾನದಿಂದ ಹಾಳಾಗುತ್ತವೆ. ತಿಂಗಳುಗಟ್ಟಲೆ ಬಾಳಬೇಕಾದ ಸ್ಪಂಜು ತೊಳೆದೂ ತೊಳೆದೂ ಅಂಚು ಬಿಟ್ಟು, ಹೊಸದಕ್ಕೆ ಜಾಗ ಬಿಡುತ್ತದೆ.

ಅದೇ ಅಂಗಳದಲ್ಲಿ ನಿಜವಾದ ಆಫ್‌ರೋಡ್ ವಾಹನವೊಂದು ಮಟ್ಟೆಯ ರಾಶಿಗೆ ಒರಗಿ ನಿಂತಿರುತ್ತದೆ. ಅದು 1980ರಲ್ಲಿ ಹೊರಬಂದ ಟಿವಿಎಸ್ 50ರ ವಂಶದ ಮೊಪೆಡ್, ಅಪ್ಪನ ಟಿವಿಎಸ್ ಎಕ್ಸೆಲ್. ಕಾಲಿಡುವ ಜಾಗದಲ್ಲಿ ಒಂದು ಮೂಟೆ, ಹಿಂದೆ ಎರಡು ಮೂಟೆ ಕಾಯಿ ಹೇರಿಕೊಂಡು, ಬದು ಹತ್ತಿ, ಕಾಲುವೆ ಇಳಿದು ದಿನವೂ ಓಡಾಡುವ ಅದರ ಫಿಲ್ಟರ್ ಯಾವ ಮೂಲೆಯಲ್ಲಿದೆ ಎಂಬುದು ಅಪ್ಪನಿಗೆ ತಿಳಿಯದು. “ಏನ್ಲಾ, ಇನ್ನೂ ಮೈ ತೊಳ್ದು ಆಗ್ಲಿಲ್ವೇನ್ಲಾ ಅದುಕ್ಕೆ? ಮಟ್ಟೆ ಹೇರ್ಬೇಕು, ಬಾ” ಎಂಬುದಷ್ಟೇ ಈ ವಿಷಯದಲ್ಲಿ ಅವರ ಅಭಿಪ್ರಾಯ. ಅಪ್ಪ ಕಾಯುವ ವಿದ್ಯೆಯಲ್ಲಿ ಪಳಗಿದವರು. ಅಟ್ಟಕ್ಕೆ ಹಾಕಿದ ಕಾಯಿ ಒಳಗಿನ ನೀರು ಇಂಗಿ ಗಿಟುಕು ಕೊಬ್ಬರಿಯಾಗಲು ಎಂಟು ಹತ್ತು ತಿಂಗಳಾದರೂ ಬೇಕು, ಮುಂಚೆ ಒಡೆದರೆ ಕೊಬ್ಬರಿ ಕೆಡುತ್ತದೆ. ಈ ನಿಯಮವನ್ನು ಅವರು ಫಿಲ್ಟರಿಗೂ ಅನ್ವಯಿಸಿದ್ದಾರೆ, ಮಗ ಅದನ್ನು ಯಾವುದಕ್ಕೂ ಅನ್ವಯಿಸಿಲ್ಲ.

ಕೊಳೆ ಕಂಡಾಗ ತೊಳೆಯಬೇಕು, ಅವಧಿ ಮುಗಿದಾಗ ಬದಲಿಸಬೇಕು ಎಂಬುದಿಷ್ಟೇ ಈ ಶಾಸ್ತ್ರದ ಸಾರ. ಸದ್ಯಕ್ಕೆ ಆ ಮನೆಯಲ್ಲಿ ತೊಳೆದ ಫಿಲ್ಟರ್ ಬೈಕಿನಲ್ಲಿದೆ, ತೊಳೆಯಬೇಕಾದ ಫಿಲ್ಟರ್ ಟಿವಿಎಸ್‌ನಲ್ಲಿದೆ; ಕಾಯಿ ಮಾತ್ರ ಈಗಲೂ ಟಿವಿಎಸ್‌ನಲ್ಲೇ ಮನೆಗೆ ಬರುತ್ತಿದೆ.