ಹುಟ್ಟದವರ ಊರಿಗೆ ಪ್ಯಾಕೇಜ್ ಟೂರು

ಸ್ವಿಟ್ಜರ್ಲೆಂಡಿನ ಜನಸಂಖ್ಯೆ ಸುಮಾರು 90 ಲಕ್ಷ. ಹುಟ್ಟಿಯೇ ಇಲ್ಲದವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಬೇಕಿತ್ತು. ಆ ದೇಶದ ಪ್ರವಾಸೋದ್ಯಮವನ್ನು ದುಡಿದು ಸಾಕುತ್ತಿರುವವರು ಬಹುಮಟ್ಟಿಗೆ ಅವರೇ. ಅವರಿಗೆ ಸಂಬಳವಿಲ್ಲ, ಪಿಂಚಣಿಯಿಲ್ಲ, ರಜೆ ಕೇಳುವುದಿಲ್ಲ. ಯಾವ ಧಣಿಗೂ ಇಂಥ ಆಳುಗಳು ಸಿಕ್ಕಿರಲಾರರು.

ಬೇಸಿಗೆ ರಜೆಗೆ ಹೊರಟ ನಮ್ಮವರು "ಸ್ವಿಸ್‌ನಲ್ಲಿ ಯಾವ ಯಾವ ಕಡೆ ನೋಡಬಹುದು?" ಎಂದು ಕೇಳುತ್ತಾರೆ. ಪ್ರಶ್ನೆಯೇ ತಪ್ಪು. ಹುಟ್ಟದವರ ಪೈಕಿ ಯಾರ ಮನೆಗೆ ಹೋಗಬೇಕು ಅಂತ ಕೇಳಬೇಕು. ದೇಶ ಕರ್ನಾಟಕದ ಕಾಲುಭಾಗಕ್ಕಿಂತಲೂ ಚಿಕ್ಕದು. ಅಷ್ಟರೊಳಗೆ 26 ಕ್ಯಾಂಟನ್ (ಪ್ರಾಂತ್ಯ), ನಾಲ್ಕು ರಾಷ್ಟ್ರಭಾಷೆ, ಸಾವಿರಕ್ಕೂ ಮಿಕ್ಕಿದ ಕೆರೆ-ಸರೋವರ, ಎಣಿಸಿ ಮುಗಿಯದ ಬೆಟ್ಟ. ಇಷ್ಟನ್ನೂ ನೋಡಲು ಪ್ಯಾಕೇಜಿನವರು ಕೊಡುವುದು ಎರಡು ರಾತ್ರಿ, ಅದೂ ಪ್ಯಾರಿಸ್ ಮುಗಿಸಿ ವೆನಿಸ್‌ಗೆ ಹೋಗುವ ದಾರಿಯಲ್ಲಿ. ಇಂಥ ಅವಸರದಲ್ಲಿ ಬೆಟ್ಟ ಯಾವುದು, ಕೆರೆ ಯಾವುದು ಎಂದು ಗುರುತು ಹಿಡಿಯಲು ಆಗುತ್ತದೆಯೇ? ಅದಕ್ಕೇ ಗುರುತಿಗೊಬ್ಬ ಹೀರೋ ಬೇಕು.

ಮೊದಲು ದೇಶದ ನಡುಭಾಗ, ಊರಿ ಸರೋವರದ ಸುತ್ತಮುತ್ತ. ಇಲ್ಲಿನ ಯಜಮಾನ ವಿಲ್ಹೆಲ್ಮ್ ಟೆಲ್. ಮಗನ ತಲೆಯ ಮೇಲಿನ ಸೇಬಿಗೆ ಬಾಣ ಬಿಟ್ಟವನು. ಹೀಗೊಬ್ಬನಿದ್ದ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಅದರಿಂದ ಏನೂ ತೊಂದರೆಯಾಗಿಲ್ಲ: ಆಲ್ಟ್‌ಡೋರ್ಫ್ ಊರಿನಲ್ಲಿ ಅವನ ಪ್ರತಿಮೆ 1895ರಿಂದ ನಿಂತಿದೆ. ಅವನನ್ನು ಜಗತ್ತಿಗೆಲ್ಲ ಪರಿಚಯಿಸಿದ ನಾಟಕವನ್ನು 1804ರಲ್ಲಿ ಬರೆದ ಜರ್ಮನ್ ಕವಿ ಶಿಲ್ಲರ್ ಸ್ವಿಟ್ಜರ್ಲೆಂಡಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಕೃತಜ್ಞತೆಗಾಗಿ ಸರೋವರದ ನೀರಿನಿಂದ ಎದ್ದು ನಿಂತ ಬಂಡೆಯೊಂದರ ಮೇಲೆ ಅವನ ಹೆಸರು ಕೆತ್ತಿದ್ದಾರೆ. ನೋಡದ ಊರನ್ನು, ಇರದ ಮನುಷ್ಯನನ್ನು ಅಷ್ಟು ಚೆನ್ನಾಗಿ ಬಣ್ಣಿಸಿದ್ದಾನೆ. ನಮ್ಮ ಪ್ರವಾಸ ಕಥನಕಾರರಿಗೆಲ್ಲ ಆದಿಗುರು.

ಆದರೂ ಆ ಸರೋವರದ ದಂಡೆಯ ಎರಡು ಸಂಗತಿಗೆ ಟೋಪಿ ತೆಗೆಯಲೇಬೇಕು. 1291ರಲ್ಲಿ ಮೂರು ಕ್ಯಾಂಟನ್‌ಗಳವರು ಸೇರಿ ಪ್ರತಿಜ್ಞೆ ಮಾಡಿದರು ಎಂದು ನಂಬುವ ರ್‍ಯೂಟ್ಲಿ ಹುಲ್ಲುಗಾವಲಿನಲ್ಲಿ ಹೋಟೆಲ್ ಎದ್ದು ನಿಲ್ಲುವುದರಲ್ಲಿತ್ತು. ಶಾಲೆಯ ಮಕ್ಕಳು ಚಂದಾ ಎತ್ತಿ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಜಾಗವನ್ನೇ ಕೊಂಡುಬಿಟ್ಟರು. ಇವತ್ತಿಗೂ ಅಲ್ಲಿ ಇರುವುದು ಹುಲ್ಲು. ಇನ್ನೊಂದು, 1991ರಲ್ಲಿ ಸರೋವರದ ಸುತ್ತ ಮಾಡಿದ 35 ಕಿಲೋಮೀಟರ್ ಕಾಲುದಾರಿ. ದೇಶದ ಪ್ರತಿಯೊಬ್ಬನಿಗೂ ತಲಾ ಐದು ಮಿಲಿಮೀಟರ್ ಎಂದು ಲೆಕ್ಕ ಹಾಕಿ, ಕ್ಯಾಂಟನ್‌ವಾರು ಹಂಚಿದ್ದಾರೆ. ನಮ್ಮಲ್ಲಾಗಿದ್ದರೆ ಇಷ್ಟರಲ್ಲಿ ಐದು ಮಿಲಿಮೀಟರ್‌ಗೂ ಒತ್ತುವರಿ ಕೇಸು, ಸರ್ವೆ ತಕರಾರು, ಹಂಗಾಮಿ ತಡೆಯಾಜ್ಞೆ ಎಲ್ಲವೂ ಬಂದಿರುತ್ತಿತ್ತು. ಪ್ಯಾಕೇಜಿನ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಹುಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಲೈಕ್ ಎಷ್ಟು ಬರುತ್ತದೆ ಹೇಳಿ.

ಅಲ್ಲಿಂದ ಬರ್ನ್ ಕ್ಯಾಂಟನ್ನಿನ ಎತ್ತರದ ಸೀಮೆಗೆ ಬನ್ನಿ. ಮೈರಿಂಗೆನ್ ಎಂಬ ಊರು, ಪಕ್ಕದಲ್ಲಿ ರೈಶೆನ್‌ಬಾಖ್ ಜಲಪಾತ. ನೀರು ಬೀಳುವುದನ್ನು ನೋಡಲು ಜೋಗಕ್ಕೇ ಹೋಗಬಹುದಿತ್ತಲ್ಲ ಎನ್ನಬೇಡಿ. ಇಲ್ಲಿ ಷರ್ಲಾಕ್ ಹೋಮ್ಸ್ ಬಿದ್ದಿದ್ದಾನೆ. ಬಿದ್ದ ತಾರೀಕು ಸಮೇತ ಫಲಕ ಹಾಕಿದ್ದಾರೆ: 4 ಮೇ 1891. ಬಂಡೆಯ ಮೇಲೆ ಘಟನಾ ಸ್ಥಳಕ್ಕೆ ಬಿಳಿ ನಕ್ಷತ್ರದ ಗುರುತು. ಊರಿನಲ್ಲಿ ಪ್ರತಿಮೆ, ಮ್ಯೂಸಿಯಂ. ಆ ಕಥೆ ಅಚ್ಚಾದ ಹತ್ತು ವರ್ಷದ ನಂತರ ಓದುಗರ ಕಾಟ ತಾಳಲಾರದೆ ಕಥೆಗಾರ ಕಾನನ್ ಡಾಯ್ಲ್ ಅವನನ್ನು ಬದುಕಿಸಿಕೊಂಡ. ಅಂದರೆ ಹುಟ್ಟದವನೊಬ್ಬ ಸಾಯದೇ ಇದ್ದ ಜಾಗವನ್ನು ನೋಡಲು ಜನ ಹಣ ಕೊಡುತ್ತಾರೆ. ಅದೇ ಸೀಮೆಯ ಷಿಲ್ಟ್‌ಹಾರ್ನ್ ಶಿಖರದ ಮೇಲಿನ ರೆಸ್ಟೊರೆಂಟು ಜೇಮ್ಸ್ ಬಾಂಡನದು. 1969ರ ಸಿನಿಮಾಕ್ಕಾಗಿ ಚಿತ್ರತಂಡವೇ ಹಣ ಹಾಕಿ, ಅರ್ಧ ಕಟ್ಟಿದ್ದನ್ನು ಮುಗಿಸಿಕೊಂಡಿತು. ಪೂರ್ವಕ್ಕೆ ಹೋದರೆ ಮೈಯೆನ್‌ಫೆಲ್ಡ್‌ನಲ್ಲಿ ಮಕ್ಕಳ ಕಾದಂಬರಿಯ ಹುಡುಗಿ ಹೈಡಿಯ ಮನೆ ಇದೆ, ಅಜ್ಜನ ಮಂಚವಿದೆ, ಮೇಕೆಗಳಿವೆ. ಮೇಕೆಗಳು ಮಾತ್ರ ನಿಜ.

ಬ್ರಿಯೆನ್ಜ್ ಸರೋವರದ ದಡದಲ್ಲಿ ಇಸೆಲ್ಟ್‌ವಾಲ್ಡ್ ಎಂಬ, ನಾನೂರು ಚಿಲ್ಲರೆ ಜನರ ಹಳ್ಳಿ. 2019ರ ಕೊರಿಯನ್ ಧಾರಾವಾಹಿಯೊಂದರಲ್ಲಿ ನಾಯಕ ಇಲ್ಲಿನ ದೋಣಿಕಟ್ಟೆಯ ಮೇಲೆ ಕುಳಿತು ಪಿಯಾನೊ ನುಡಿಸಿದ. ಆಮೇಲೆ ಏಷ್ಯಾದ ಅರ್ಧ ಜನ ಆ ಕಟ್ಟೆಗೆ ನುಗ್ಗಿದರು. ಹಳ್ಳಿಯವರು ಜಗಳವಾಡಲಿಲ್ಲ, ಧರಣಿ ಕೂರಲಿಲ್ಲ. 2023ರಲ್ಲಿ ಕಟ್ಟೆಗೊಂದು ತಿರುಗುಗೇಟು ಹಾಕಿ, ತಲೆಗೆ ಐದು ಫ್ರಾಂಕ್ ಎಂದರು. ನಮ್ಮ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಸೀತೆ ಮಿಂದ ಹೊಂಡ, ಭೀಮ ಒಲೆ ಹೂಡಿದ ಬಂಡೆ, ಪಾಂಡವರು ಮಲಗೆದ್ದ ಗವಿ ಇಲ್ಲದ ತಾಲ್ಲೂಕು ನಮ್ಮಲ್ಲಿ ಒಂದಾದರೂ ಇದೆಯೇ? ಯುಗಯುಗದಿಂದ ಬಿಟ್ಟಿ ತೋರಿಸುತ್ತಿದ್ದೇವೆ. ಬುದ್ಧಿ ಹಂಚುವಾಗ ನಾವು ಎಲ್ಲಿ ಹೋಗಿದ್ದೆವೋ.

ಈಗ ನಮ್ಮ ಸ್ವಂತ ಹುಟ್ಟದವರ ವಿಚಾರ. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಸಿನಿಮಾದ ರಾಜ್ ಮತ್ತು ಸಿಮ್ರನ್.

1964ರ 'ಸಂಗಮ್'ಗಾಗಿ ರಾಜ್ ಕಪೂರ್ ಸ್ವಿಟ್ಜರ್ಲೆಂಡಿಗೆ ಹೋಗಿಬಂದ. ಆಮೇಲೆ ಯಶ್ ಚೋಪ್ರಾ ಆ ದೇಶವನ್ನೇ ಸ್ಟುಡಿಯೊ ಮಾಡಿಕೊಂಡ. ಕಾಶ್ಮೀರದಲ್ಲಿ ಗುಂಡಿನ ಸದ್ದು ಜೋರಾದಂತೆಲ್ಲ ಹಾಡುಗಳು ಆಲ್ಪ್ಸ್‌ಗೆ ವಲಸೆ ಹೋದವು. ನಾಯಕಿ ಮೈನಸ್ ಡಿಗ್ರಿಯಲ್ಲಿ ಷಿಫಾನ್ ಸೀರೆ ಉಟ್ಟು ನಡುಗದೆ ಕುಣಿದಳು, ನಾಯಕ ಮಾತ್ರ ಬೆಚ್ಚಗೆ ಕೋಟು ಹಾಕಿಕೊಂಡಿದ್ದ. ಇದರ ಋಣ ತೀರಿಸಲು ಸ್ವಿಸ್ಸರು ಯಶ್ ಚೋಪ್ರಾ ಹೆಸರನ್ನು ಒಂದು ರೈಲಿಗೆ ಇಟ್ಟರು, 2016ರಲ್ಲಿ ಇಂಟರ್‌ಲಾಕೆನ್‌ನಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದರು. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣದಲ್ಲಿ 'ಬಾಲಿವುಡ್' ಹೆಸರಿನ ರೆಸ್ಟೊರೆಂಟೇ ಇದೆ. ಈ ರೈಲುದಾರಿ ಗುಯರ್-ಜೆಲ್ಲರ್ ಎಂಬ ಉದ್ಯಮಿ ಕಂಡ ಕನಸು. ಐಗರ್ ಮತ್ತು ಮೋನ್ಷ್ ಎಂಬೆರಡು ಪರ್ವತಗಳ ಹೊಟ್ಟೆ ಸೀಳಿ, 16 ವರ್ಷ ಬಂಡೆ ಒಡೆದು, 1912ರಲ್ಲಿ ರೈಲು ಅಲ್ಲಿಗೆ ಮುಟ್ಟಿತು. ಕನಸು ಕಂಡವನು ಅಷ್ಟರಲ್ಲಿ ತೀರಿಹೋಗಿದ್ದ. ಈಗ ವರ್ಷಕ್ಕೆ ಸುಮಾರು 10 ಲಕ್ಷ ಜನ ಅದೇ ಸುರಂಗದಲ್ಲಿ ಏರುತ್ತಾರೆ. ನಮ್ಮವರು ಅಲ್ಲಿ ದಾಲ್-ರೈಸ್ ಉಂಡು, ಚಾಕೊಲೇಟ್ ಕೊಂಡು, ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿಯಾದ ಅಲೆಚ್‌ಗೆ ಬೆನ್ನು ಕೊಟ್ಟು ನಿಂತು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಬಸ್ಸಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚುತ್ತಾ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ: "ಇದರಲ್ಲೇನಿದೆ ರೀ, ನಮ್ಮ ಮುಳ್ಳಯ್ಯನಗಿರಿ ಹೀಗೇ ಇದೆ, ಐಸ್ ಇಲ್ಲ ಅಷ್ಟೇ."

ರಾಜ್-ಸಿಮ್ರನ್ ನೋಡಲು ಎಲ್ಲಿಗೆ ಹೋಗಬೇಕು? ಟಿಟ್ಲಿಸ್ ಬೆಟ್ಟಕ್ಕೆ, ತಿರುಗುವ ಕೇಬಲ್ ಕಾರ್ ಹತ್ತಿ. ಮೇಲೆ, ಹಿಮದ ನಡುವೆ, ಶಾರುಖ್-ಕಾಜೋಲ್ ಜೋಡಿಯ ಆಳೆತ್ತರದ ಕಟೌಟ್ ಕಾಯುತ್ತಿರುತ್ತದೆ. ಅದರ ಪಕ್ಕ ನಿಲ್ಲಲು ಸರದಿ ಸಾಲು. ಆ ಸಿನಿಮಾದ ಹೆಸರುವಾಸಿ ಸೇತುವೆ ಇರುವುದಾದರೂ ಅಲ್ಲಿಂದ ಬಹುದೂರದ ಸಾನೆನ್ ಎಂಬ ಹಳ್ಳಿಯಲ್ಲಿ. ರೈಲು ನಿಲ್ದಾಣ ಅದೇ ಕಡೆಯ ಸ್ವೈಸಿಮೆನ್‌ನದು. ಇಲ್ಲದವರನ್ನು ಅವರು ನಿಂತ ಜಾಗದಲ್ಲಾದರೂ ನಿಲ್ಲಿಸಬಹುದಿತ್ತು. ಆದರೆ ಕೇಬಲ್ ಕಾರಿನ ಟಿಕೆಟ್ ಟಿಟ್ಲಿಸ್‌ನಲ್ಲಿದೆಯೇ ಹೊರತು ಸೇತುವೆಯ ಮೇಲಿಲ್ಲ. ಆ ಸೇತುವೆ ನಾಲ್ಕು ಹೆಜ್ಜೆ ದಾಟುವಷ್ಟು, ಪುಕ್ಕಟೆ ಬೇರೆ.

ಸಾನೆನ್ ಎಂದೆನಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. 1961ರಿಂದ 1985ರವರೆಗೆ ಬೇಸಿಗೆ ಬೇಸಿಗೆಗೂ ಜಿಡ್ಡು ಕೃಷ್ಣಮೂರ್ತಿ ಇದೇ ಹಳ್ಳಿಯಲ್ಲಿ ಡೇರೆಯ ಕೆಳಗೆ ಕುಳಿತು, ಯಾರನ್ನೂ ಹಿಂಬಾಲಿಸಬೇಡಿ ಎಂದು ಹೇಳಿದರು. ಜನ ಜಗತ್ತಿನ ಮೂಲೆಮೂಲೆಯಿಂದ ಅವರನ್ನು ಹಿಂಬಾಲಿಸಿ ಬಂದು ಕೇಳಿಸಿಕೊಂಡರು. ಅಲ್ಲಿಗೆ ಬಂದವರಲ್ಲಿ ಇನ್ನೊಬ್ಬ ಕೃಷ್ಣಮೂರ್ತಿ, ಯು.ಜಿ. 1967ರಲ್ಲಿ ಜಿಡ್ಡು ಅವರ ಮಾತು ಕೇಳಿ ಎದ್ದುಬಂದು, ಅದೇ ಕಣಿವೆಯ ಬೆಂಚೊಂದರ ಮೇಲೆ ಕೂತಾಗ ತನ್ನೊಳಗೆ ಏನೋ ಮುರಿದುಬಿತ್ತು ಎಂದು ಆತ ಹೇಳಿಕೊಂಡ. ಆಮೇಲೆ ಜೀವಮಾನವಿಡೀ ಎಲ್ಲ ಗುರುಗಳನ್ನೂ ಬೈದುಕೊಂಡು ತಿರುಗಿದ. ಬೆಂಗಳೂರಿಗೂ ಮೇಲಿಂದ ಮೇಲೆ ಬರುತ್ತಿದ್ದ. ಬೈಸಿಕೊಳ್ಳಲು ಇಲ್ಲಿನ ಓದುಬರಹದವರು ಮುತ್ತಿಕೊಳ್ಳುತ್ತಿದ್ದರು. ಆ ಬೆಂಚಿಗೆ ಗೇಟಿಲ್ಲ, ಬಿಳಿ ನಕ್ಷತ್ರವಿಲ್ಲ. ಅವರಿಬ್ಬರದೂ ಒಂದೇ ತಪ್ಪು: ಹುಟ್ಟಿಬಿಟ್ಟಿದ್ದರು.

ಹುಟ್ಟಿದ್ದಕ್ಕೆ ಶಿಕ್ಷೆ ಅನುಭವಿಸುತ್ತಿರುವ ಇಡೀ ಪ್ರದೇಶಗಳೇ ಅಲ್ಲಿವೆ. ವಾಯವ್ಯದ ಯೂರಾ ಬೆಟ್ಟಸಾಲಿನಲ್ಲಿ ಲಾ ಷೋ-ಡೆ-ಫೋನ್ ಎಂಬ ಗಡಿಯಾರದ ಪಟ್ಟಣ. 1794ರ ಬೆಂಕಿಯಲ್ಲಿ ಸುಟ್ಟು, ಕುಶಲಕರ್ಮಿಯ ಮೇಜಿಗೆ ಬೆಳಕು ಬೀಳಬೇಕೆಂದು ಗೆರೆ ಎಳೆದಂತೆ ಮತ್ತೆ ಕಟ್ಟಿದ ಊರು, ಯುನೆಸ್ಕೊ ಪಟ್ಟಿಯಲ್ಲಿದೆ. 1887ರಲ್ಲಿ ಇಲ್ಲಿ ಹುಟ್ಟಿದ ಲ ಕಾರ್ಬುಸಿಯರ್ ನಮಗೆ ಚಂಡೀಗಢ ಕಟ್ಟಿಕೊಟ್ಟ. ಅವನ ಊರಿಗೆ ಹೋದ ಚಂಡೀಗಢದವರು ಸಿಗುವುದೇ ಅಪರೂಪ, ಟಿಟ್ಲಿಸ್‌ಗೆ ಹೋದವರು ಬೀದಿಗೊಬ್ಬರು ಸಿಗುತ್ತಾರೆ.

ನಾವೇನೂ ಕಮ್ಮಿಯಿಲ್ಲ. ರೈನ್ ನದಿಯ ದಂಡೆಯ ಬಾಸೆಲ್ ನಗರದ ಹೆಸರನ್ನು ಮಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. 1834ರಲ್ಲಿ ಅಲ್ಲಿನ ಮಿಷನ್ನಿನವರು ಬಂದಿಳಿದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಆದರೆ ಬಂದವರು ಎರಡು ರಾತ್ರಿ ಇದ್ದು ಉಡುಪಿಗೆ ಹೊರಡಲಿಲ್ಲ. ಭಾಷೆ ಕಲಿತರು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ. ಕಿಟೆಲ್ ದಶಕಗಳ ಕಾಲ ಹೆಣಗಿ ಮಾಡಿದ ನಿಘಂಟು 1894ರಲ್ಲಿ ಅಚ್ಚಾಯಿತು. ಇಬ್ಬರೂ ಜರ್ಮನರು, ಕಳಿಸಿದ ಸಂಸ್ಥೆ ಬಾಸೆಲ್‌ನದು. ಆ ಮಿಷನ್ನಿನ ಹಳೆಯ ಕಾಗದಪತ್ರ, ನಮ್ಮ ಕರಾವಳಿಯ ಹಳೆಯ ಫೋಟೊಗಳು ಇವತ್ತಿಗೂ ಬಾಸೆಲ್‌ನಲ್ಲಿ ಭದ್ರವಾಗಿವೆ. ನಮ್ಮ ಮನೆಗಳ ಹೆಂಚಿನ ಮೇಲೆ ಹೆಸರು ಅಚ್ಚಾದ ಊರಿದು, ಆದರೂ ಕನ್ನಡಿಗರ ಪ್ಯಾಕೇಜಿನಲ್ಲಿ ಇಲ್ಲ. ಕಾರಣ ಸ್ಪಷ್ಟ: ಬಾಸೆಲ್‌ನಲ್ಲಿ ಹಿಮ ಹೊದ್ದ ಬೆಟ್ಟವಿಲ್ಲ, ಕಿಟೆಲ್ ಸೇತುವೆ ಮೇಲೆ ಹಾಡಲಿಲ್ಲ.

ಹುಟ್ಟದವರ ನೆರಳಿನಲ್ಲಿ ಇರುವುದೆಲ್ಲ ಮರೆಯಾದರೆ ಸ್ವಿಸ್ಸರಿಗೂ ಕೆಲವೊಮ್ಮೆ ಅನುಕೂಲವೇ. ಕೊರಿಯನ್ ನಾಯಕ ಪಿಯಾನೊ ನುಡಿಸಿದ ಬ್ರಿಯೆನ್ಜ್ ಸರೋವರವಿದೆಯಲ್ಲ, ಅದರಲ್ಲೂ ಪಕ್ಕದ ಥೂನ್ ಮತ್ತು ಲೂಸರ್ನ್ ಸರೋವರಗಳಲ್ಲೂ ಅಲ್ಲಿನ ಸೇನೆ 1918ರಿಂದ 1964ರವರೆಗೆ ಬೇಡವಾದ ಮದ್ದುಗುಂಡನ್ನು ಸಾವಿರಾರು ಟನ್‌ಗಟ್ಟಲೆ ಸುರಿದಿದೆ. ಅಷ್ಟೂ ಕಾಲ ಯಾವ ಯುದ್ಧಕ್ಕೂ ಹೋಗದ ದೇಶ. ಪೋಸ್ಟ್‌ಕಾರ್ಡಿನ ಆ ನೀಲಿಯ ತಳದಲ್ಲಿ, 150ರಿಂದ 220 ಮೀಟರ್ ಆಳದ ಕೆಸರಿನಲ್ಲಿ, ಅದು ಕೂತಿದೆ. ಇದನ್ನು ಮೇಲೆತ್ತುವುದು ಹೇಗೆ ಎಂದು ಉಪಾಯ ಹೇಳಿದವರಿಗೆ 50,000 ಫ್ರಾಂಕ್ ಬಹುಮಾನ ಎಂದು ರಕ್ಷಣಾ ಇಲಾಖೆ 2024ರಲ್ಲಿ ಸ್ಪರ್ಧೆಯನ್ನೇ ಏರ್ಪಡಿಸಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡು ನಾಚಿ ತಲೆತಗ್ಗಿಸಿದವರಿಗೆ ಸಣ್ಣ ಸಮಾಧಾನವಾದರೂ ಸಿಗಲಿ. ನಾವು ತೇಲಿಬಿಟ್ಟೆವು, ಅವರು ಮುಳುಗಿಸಿದರು.

ಫುರ್ಕಾ ಕಣಿವೆದಾರಿಯ ಕಥೆ ಇನ್ನೂ ಚೆನ್ನ. ತಿರುವಿನಲ್ಲಿ ಬೆಲ್ವೆಡೇರ್ ಎಂಬ ಹೋಟೆಲ್. ಕಟ್ಟಿದ್ದು 1882ರಲ್ಲಿ, ರೋನ್ ಹಿಮನದಿ ನೋಡಬಂದವರಿಗಾಗಿ. 1964ರಲ್ಲಿ ಬಾಂಡ್ ಈ ದಾರಿಯಲ್ಲೇ ಕಾರು ಓಡಿಸಿದ. ಹಿಮನದಿ ವರ್ಷ ವರ್ಷ ಹಿಂದೆ ಸರಿಯುತ್ತಾ ಕಣ್ಣಳತೆ ಬಿಟ್ಟುಹೋಯಿತು, ಹೋಟೆಲ್ ಬಾಗಿಲು ಮುಚ್ಚಿತು. ಉಳಿದ ಹಿಮದ ಒಂದು ಭಾಗಕ್ಕೆ ಬೇಸಿಗೆಯಲ್ಲಿ ಬಿಳಿ ಕಂಬಳಿ ಹೊದಿಸಿ ಕರಗುವುದನ್ನು ತಡೆಯಲು ನೋಡಿದರು. ಈಗ ಬರುವವರು ಬೀಗ ಹಾಕಿದ ಹೋಟೆಲಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹಿಮನದಿ ಎಲ್ಲಿ ಎಂದು ಕೇಳುವವರೂ ಕಮ್ಮಿ.

ಬೆಟ್ಟವನ್ನು ನಿಜಕ್ಕೂ ನೋಡುತ್ತಾ ಕೂತವರು ಅಲ್ಲಿ ಇಲ್ಲವೆಂದಲ್ಲ. ಲೋಟ್ಶೆನ್ ಕಣಿವೆಯ ಬ್ಲಾಟೆನ್ ಹಳ್ಳಿಯ ಮೇಲಿನ ಬೆಟ್ಟ ಕದಲುತ್ತಿರುವುದನ್ನು ಗಮನಿಸಿದವರು 2025ರ ಮೇ ತಿಂಗಳಲ್ಲಿ ಸುಮಾರು 300 ಜನರನ್ನು ಮನೆ ಬಿಡಿಸಿ ಕರೆದೊಯ್ದರು. ಮೇ 28ರಂದು ಬರ್ಚ್ ಹಿಮನದಿ ಬಂಡೆಗಳ ಸಮೇತ ಕುಸಿದು, ಹಳ್ಳಿಯ ಬಹುಭಾಗ ಮಣ್ಣಿನಡಿ ಹೋಯಿತು. ಒಬ್ಬರು ತೀರಿಕೊಂಡರು, ಉಳಿದವರು ಉಳಿದರು. ಈ ಸಂಗತಿಯಲ್ಲಿ ತಮಾಷೆಗೆ ಜಾಗವಿಲ್ಲ.

ಟಿಕೆಟ್ ತೆಗೆಸಿದವರಿಗೆ ಒಂದೇ ಮಾತು. ವೆನಿಸ್‌ನಿಂದ ಒಂದು ದಿನ ಕಡ ತಂದು, ವಾಲೆ ಕ್ಯಾಂಟನ್ನಿನ ಬೆಟ್ಮೆರಾಲ್ಪ್‌ಗೆ ಹೋಗಿ. ಕಾರುಗಳೇ ಇಲ್ಲದ ಊರು. ಅಲ್ಲಿಂದ ಮೇಲೇರಿ ನಿಂತರೆ ಅಲೆಚ್ ಹಿಮನದಿ ಕಾಲ ಕೆಳಗೆ ಚಾಚಿಕೊಂಡಿರುತ್ತದೆ, ಇಪ್ಪತ್ತು ಕಿಲೋಮೀಟರ್ ಉದ್ದಕ್ಕೆ. ಅಲ್ಲಿ ಯಾವ ಪತ್ತೇದಾರನೂ ಬಿದ್ದಿಲ್ಲ, ಕಟೌಟ್ ಇಲ್ಲ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳ ಶೇ 10ರಷ್ಟು ಹಿಮ ಕರಗಿತು. ಮುಂದಿನ ರಜೆಗೆ ನೋಡೋಣ ಎಂದು ಮುಂದೂಡಬೇಡಿ.