ಹಳೇ ಬೋಲ್ಟು ಎಸೀಬೇಡಿ

ವಿನೆಗರ್ ವಾಸನೆ ನಿಮ್ಮ ಹಿತ್ತಿಲಿಗೂ ಬಂತೇನಣ್ಣ? ಯೆಜ್ಡಿ ಬೈಕಿನ ನಟ್ಟು-ಬೋಲ್ಟು ನೆನೆಹಾಕಿದೀನಿ. ಈ ಬೋಲ್ಟ್ ನೋಡಿ, ನಿನ್ನೆ ಸಂಜೆ ಕೆಂಪಗೆ ಹೊಪ್ಪಳೆ ಎದ್ದಿತ್ತು. ಈಗ ತುಕ್ಕೆಲ್ಲ ಕಪ್ಪು ಕೆಸರಾಗಿ ಬಿಟ್ಟುಕೊಂಡಿದೆ. ವೈರ್ ಬ್ರಷ್ಷಲ್ಲಿ ಉಜ್ಜಿದ್ರೆ ಮರೆಯ ಅಂಚು ಕೂಡ ಚೂಪಾಗಿ ಕಾಣುತ್ತೆ.

ಅಂಗಡೀಲಿ ಹೊಸದು ಸಿಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಯೆಜ್ಡಿ ಮಾಡ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಈಗ ತರೋ ಬೋಲ್ಟಿನ ಉದ್ದ ಸರಿಹೋದ್ರೆ ತಲೆ ದಪ್ಪ ಇರುತ್ತೆ, ತಲೆ ಸರಿಹೋದ್ರೆ ಮರೆ ಸಡಿಲ. ಮೈಸೂರಲ್ಲೇ ಹುಟ್ಟಿದ ಗಾಡಿ ಅಣ್ಣ ಇದು. ಹುಟ್ಟಿದಾಗ ಇದ್ದ ಬೋಲ್ಟೇ ಮತ್ತೆ ಅದೇ ತೂತಲ್ಲಿ ಕೂರಬೇಕು ಅಂತ ನನಗೆ ಆಸೆ.

ತುಕ್ಕು ತೆಗೆದು ಹಾಗೇ ಬಿಟ್ರೆ ಒಂದು ಮಳೆಗೆ ಮತ್ತೆ ಹಿಡಿಯುತ್ತೆ. ಅದಕ್ಕೇ ಮೇಲೆ ಸತು ಕೂರಿಸೋದು. ದೊಡ್ಡ ಸಾಮಾನೇನೂ ಬೇಡ. ವಿನೆಗರಿಗೆ ನೀವು ಗುಲಾಬಿ ಗಿಡಕ್ಕೆ ಹಾಕ್ತೀರಲ್ಲ, ಆ ಎಪ್ಸಮ್ ಸಾಲ್ಟು, ಹೊಳಪಿಗೆ ಒಂದಿಷ್ಟು ಸಕ್ಕರೆ. ಸತುವಿನ ತಗಡನ್ನ ಅಡಾಪ್ಟರಿನ ಪ್ಲಸ್ಸಿಗೆ, ಬೋಲ್ಟನ್ನ ಮೈನಸ್ಸಿಗೆ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಇಳಿಬಿಡೋದು. ತಗಡು ಎದುರಿಗಿರೋ ಮೈಗೆ ಸತು ಜಾಸ್ತಿ ಹಿಡಿಯುತ್ತೆ, ಅದಕ್ಕೆ ಎರಡೂ ಕಡೆ ತಗಡು ಇಟ್ಟು ಬೋಲ್ಟನ್ನ ಆಗಾಗ ತಿರುಗಿಸ್ತಿರಬೇಕು.

ಆದ್ರೆ ನಿಜವಾದ ಕೆಲಸ ಇರೋದು ತೊಳೆಯೋದ್ರಲ್ಲಿ. ಮೊದಲು ಸೀಮೆಎಣ್ಣೇಲಿ ಗ್ರೀಸು ಬಿಡಿಸಿ, ಆಮೇಲೆ ಸೋಪಿನಪುಡಿ ಹಾಕಿದ ಬಿಸಿನೀರಲ್ಲಿ ಉಜ್ಜಬೇಕು. ಮೇಲೆ ನೀರು ಬಿಟ್ಟು ನೋಡಿ. ಅಲ್ಲಲ್ಲಿ ಹನಿ ಕಟ್ಟಿದ್ರೆ ಎಣ್ಣೆ ಇನ್ನೂ ಇದೆ ಅಂತ ಅರ್ಥ. ಎಲ್ಲ ಕಡೆ ಒಂದೇ ಸಮ ಹರಡಿ ನಿಂತ್ರೆ ಆಯ್ತು, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಸತು ಕೂರೋದೇ ಇಲ್ಲ, ಕೂತ್ರೂ ಸಿಪ್ಪೆ ಏಳುತ್ತೆ.

ಕರೆಂಟು ಜಾಸ್ತಿ ಕೊಟ್ರೆ ಬೇಗ ಆಗುತ್ತೆ ಅನ್ನಿಸುತ್ತೆ. ಮಾಡಬಾರದು. ಗುಳ್ಳೆ ಭರಭರ ಎದ್ದು, ಸತು ಕಪ್ಪಗೆ ಸ್ಪಂಜಿನ ಹಾಗೆ ಕೂತು, ಉಜ್ಜಿದ ಕೂಡಲೇ ಉದುರಿಹೋಗುತ್ತೆ. ಒಂದು ಆಂಪಿಯರ್ ಒಂದು ಗಂಟೆ ಹರಿದ್ರೆ ಕೂರೋ ಸತು ಹೆಚ್ಚಂದ್ರೆ 1.22 ಗ್ರಾಂ. ಫ್ಯಾರಡೆ 1830ರ ದಶಕದಲ್ಲೇ ಕಂಡುಕೊಂಡ ನಿಯಮ ಅದು, ನಮ್ಮ ಅವಸರಕ್ಕೆ ಬದಲಾಗಲ್ಲ. ನಿಧಾನಕ್ಕೆ ಬಿಟ್ರೆ ಬೂದಿಬಣ್ಣಕ್ಕೆ ತಿರುಗುತ್ತೆ, ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿದ್ರೆ ಒಳಗಿಂದ ಹೊಳಪು ಬರುತ್ತೆ.

ಹ್ಯಾಂಡಲ್ಲಿಗೆ, ಟ್ಯಾಂಕಿನ ಪಕ್ಕಕ್ಕೆ ಕ್ರೋಮ್ ಮಾಡ್ತೀರಾ ಅಂದ್ರೆ, ಖಂಡಿತ ಇಲ್ಲ. ಅದರ ಕ್ರೋಮಿಕ್ ಆಸಿಡ್ಡಿನ ಹಬೆ ಕ್ಯಾನ್ಸರ್ ತರೋ ವಿಷ. ಅದನ್ನ ಪ್ಲೇಟಿಂಗ್ ಅಂಗಡಿಯವರಿಗೇ ಕೊಡ್ತೀನಿ. ಕೆಲವರು ಸತು ಸಿಗಲಿಲ್ಲ ಅಂತ ಸ್ಟೀಲ್ ಚಮಚಾನೇ ಪ್ಲಸ್ಸಿಗೆ ಕಟ್ತಾರೆ. ಅದರಲ್ಲಿರೋ ಕ್ರೋಮಿಯಂ ನೀರಿಗೆ ಬಿಡುತ್ತೆ, ಆ ನೀರೂ ವಿಷವೇ. ಇನ್ನೊಂದು, ಸ್ಪ್ರಿಂಗು, ಬ್ರೇಕಿನ ಭಾಗ, ಆಕ್ಸಲ್ಲು, ಇಂಥ ಹದ ಹಾಕಿದ ಉಕ್ಕನ್ನ ನಾನು ಸತುವಿನ ಈ ನೀರಿಗೆ ಇಳಿಸೋದೇ ಇಲ್ಲ. ಏಳೋ ಗುಳ್ಳೆಯ ಹೈಡ್ರೋಜನ್ ಉಕ್ಕಿನೊಳಕ್ಕೆ ಹೋಗಿ ಅದನ್ನ ಪೆಡಸು ಮಾಡುತ್ತೆ. ನೋಡೋಕೆ ಹೊಸದು, ಓಡೋವಾಗ ಪಟ್ ಅಂತ ಮುರಿಯುತ್ತೆ.

ಸತು ನನಗೆ ಇಷ್ಟವಾಗೋದು ಯಾಕೆ ಗೊತ್ತಾ? ಕ್ರೋಮ್-ನಿಕ್ಕಲ್ಲಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ರೂ ಅಡಿಯ ಕಬ್ಬಿಣ ಇನ್ನೂ ಬೇಗ ತಿಂದುಹೋಗುತ್ತೆ. ಹಳೇ ಹ್ಯಾಂಡಲ್ಲು ಒಳಗಿಂದ ಉಬ್ಬೋದು ಹಾಗೇ. ಸತುವಿನ ಮೇಲೆ ಗೀರು ಬಿದ್ರೆ ಮೊದಲು ಸತು ಸವೆಯುತ್ತೆ, ಅಲ್ಲೀವರೆಗೆ ಕಬ್ಬಿಣಕ್ಕೆ ಏನೂ ಆಗಲ್ಲ.

ಸತು ಕೂರಿಸಿದ ಈ ನೀರನ್ನ ಗುಲಾಬಿ ಬುಡಕ್ಕೂ ಸುರಿಯಲ್ಲ, ಚರಂಡಿಗೂ ಬಿಡಲ್ಲ ಅಣ್ಣ. ಸೋಸಿ ಡಬ್ಬಕ್ಕೆ ತುಂಬಿ ಚೀಟಿ ಅಂಟಿಸಿ ಇಡ್ತೀನಿ, ಮುಂದಿನ ಸಲಕ್ಕೆ ಬೇಕಾಗುತ್ತೆ. ಹಾಂ, ನಿಮ್ಮ ಹಳೇ ಟಾರ್ಚಿನ ಸೆಲ್ಲು ಗುಜರಿಗೆ ಹಾಕಬೇಡಿ. ಆಲ್ಕಲೈನ್ ಬೇಡ, ಸಾದಾ ಸೆಲ್ಲು ಸಾಕು. ಅದರ ಡಬ್ಬಿಯೇ ಸತು.