ಹುಡುಗನನ್ನು ನೋಡಿ ಬರುವುದು

ಹಾಸನದಲ್ಲಿ ಐವತ್ತು ದಾಟಿದ ಯಾವ ಗಂಡಸನ್ನಾದರೂ ಕ್ರಿಕೆಟ್ ಮಾತಿಗೆ ಎಳೆದು ನೋಡಿ. ಕಾಫಿ ಮುಗಿಯುವುದರೊಳಗೆ, ಜಾವಗಲ್ ಶ್ರೀನಾಥ್ ಅವರನ್ನು ಮೊಟ್ಟಮೊದಲು ಗುರುತಿಸಿದ್ದು ತಾನೇ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಇಂಥವರನ್ನೆಲ್ಲ ಸೇರಿಸಿದರೆ ಜಿಲ್ಲಾ ಕ್ರೀಡಾಂಗಣ ಸಾಲದು. ದಾಖಲೆ ಹೇಳುವುದು ಬೇರೆ. ನಮ್ಮ ಜಿಲ್ಲೆಯ ಜಾವಗಲ್ ಅವರ ಹೆಸರಿನಲ್ಲಿದೆ, ಆಡಿ ಬೆಳೆದದ್ದು ಮೈಸೂರಿನಲ್ಲಿ. ಒಂದು ಕ್ಲಬ್ ಪಂದ್ಯದಲ್ಲಿ ಅವರ ಬೌಲಿಂಗ್ ಕಂಡು ಆಯ್ಕೆಗಾರರ ಕಿವಿಗೆ ಹಾಕಿದವರು ಗುಂಡಪ್ಪ ವಿಶ್ವನಾಥ್. 1989–90ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಆಮೇಲೆ ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್. ವಿಶ್ವನಾಥ್ ಆ ದಿನ ಮನೆಯಲ್ಲೇ ಉಳಿದಿದ್ದರೂ ಇನ್ಯಾರಾದರೂ ನೋಡುತ್ತಿದ್ದರು ಎನ್ನುತ್ತೇನೆ ನಾನು. ನಮ್ಮ ಭಾವ ಒಪ್ಪುವುದಿಲ್ಲ. “ಇನ್ಯಾರಾದರೂ ನೋಡ್ತಾರೆ ಅಂತ ಎಲ್ಲರೂ ಮನೇಲಿ ಕೂತಿರ್ತಾರೆ, ತಿಳ್ಕೊ” ಎನ್ನುತ್ತಾರೆ.

ಭಾವ ನಿವೃತ್ತ ಪಿ.ಟಿ. ಮೇಷ್ಟ್ರು. ಸಂಕ್ರಾಂತಿ ಕಳೆದು ಮಳೆ ಹಿಡಿಯುವವರೆಗೆ ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿಗಳ ಕಾಲ. ಫ್ಲೆಕ್ಸ್‌ನಲ್ಲಿ ಪಕ್ಷಾತೀತವಾಗಿ ಎಲ್ಲ ನಾಯಕರ ಮುಖ, ಅದರ ಕೆಳಗೆ ಬಹುಮಾನದ ಮೊತ್ತ, ಇನ್ನೂ ಕೆಳಗೆ ‘ಹೊನಲು ಬೆಳಕಿನ ಪಂದ್ಯಾವಳಿ’. ಭಾನುವಾರ ಬಂತೆಂದರೆ ಭಾವ ಕೊಡೆ, ನೀರಿನ ಬಾಟಲಿ, ಹಳೆಯ ಹಾಜರಿ ಪುಸ್ತಕ ಹಿಡಿದು ಹೊರಡುತ್ತಾರೆ. ಕಾರು ಓಡಿಸಲು ನಾನು. ಅಕ್ಕ ಒಮ್ಮೆ ಪಕ್ಕದ ಮನೆಯವರಿಗೆ “ಅರಕಲಗೂಡಿಗೆ ಹುಡುಗನ್ನ ನೋಡೋಕೆ ಹೋಗಿದ್ದಾರೆ” ಅಂದುಬಿಟ್ಟಳು. ಸಂಜೆ ಅವರು ಗೇಟಿನ ಬಳಿಯೇ ಕಾದಿದ್ದರು. “ಹುಡುಗ ಏನು ಮಾಡ್ಕೊಂಡಿದ್ದಾನೆ ಮೇಷ್ಟ್ರೇ?” ಭಾವ ಚಪ್ಪಲಿ ಬಿಡುತ್ತಲೇ ಹೇಳಿದರು: “ಲೆಫ್ಟ್ ಆರ್ಮ್ ಸ್ಪಿನ್.”

ಅಮೆರಿಕದಲ್ಲಿ ಹೀಗೆ ಆಡುವ ಹುಡುಗರನ್ನು ನೋಡಿ ಬರುವುದೇ ಒಂದು ಸಂಬಳದ ಉದ್ಯೋಗ. ಬೇಸ್‌ಬಾಲ್ ತಂಡಗಳವರು ಸ್ಕೌಟ್‌ಗಳನ್ನು ಇಟ್ಟುಕೊಂಡು ಸಣ್ಣ ಊರುಗಳ ಕೆಳ ದರ್ಜೆಯ ಪಂದ್ಯಗಳಿಗೆ ಕಳಿಸುತ್ತಾರೆ. ಬ್ಯಾಟ್ ಬೀಸುವವನ ಹಿಂದುಗಡೆ ಸ್ಪೀಡ್ ಗನ್ ಹಿಡಿದು ಕೂತು ಹುಡುಗರಿಗೆ 20ರಿಂದ 80ರವರೆಗೆ ಅಂಕ ಕೊಡುವುದು ಅವರ ಪದ್ಧತಿ. 50 ಅಂದರೆ ಸಾಧಾರಣ. ಸೊನ್ನೆಯೂ ಇಲ್ಲ, ನೂರೂ ಇಲ್ಲ. ಭಾವನಿಗೆ ಇದು ಬಹಳ ಹಿಡಿಸಿತು. ಬೇಸ್‌ಬಾಲ್‌ನವರು ನಮ್ಮ ದೇಶಕ್ಕೂ ಬಂದದ್ದುಂಟು. ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಯಲ್ಲಿ ಬೆಳಕಿಗೆ ಬಂದ ಉತ್ತರಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲ್ ಎಂದರೇನೆಂದೇ ಅದುವರೆಗೆ ಅವರಿಗೆ ಗೊತ್ತಿರಲಿಲ್ಲ. ನೋಡಿದವರು ನೋಡಿದ್ದು ಆಟವನ್ನಲ್ಲ, ತೋಳನ್ನು.

ಭಾವನ ಹತ್ತಿರ ಸ್ಪೀಡ್ ಗನ್ ಇಲ್ಲ. ಅವರು ನೋಡುವುದೂ ಬೇರೆ. ಚನ್ನರಾಯಪಟ್ಟಣದಲ್ಲಿ ಒಬ್ಬ ದಾಂಡಿಗ ಸಾಲುಸಾಲು ಸಿಕ್ಸರ್ ಎತ್ತಿದ. ಒಂದಂತೂ ರಸ್ತೆಯಾಚೆ ಎಳನೀರು ರಾಶಿಗೆ ಬಿತ್ತು. ಮೈಕಿನವನ ಗಂಟಲೇ ಕಟ್ಟಿತು. ಭಾವ ಹಾಜರಿ ಪುಸ್ತಕ ತೆರೆಯಲೇ ಇಲ್ಲ. “ಬೌಂಡರಿ ಎಷ್ಟು ದೂರ ಇದೆ ನೋಡಿದ್ಯಾ? ಕಾಲು ಲೆಗ್ ಕಡೆ ತೆಗೆದು ಬೀಸ್ತಿದ್ದಾನೆ. ಲೆದರ್ ಬಾಲ್ ಒಳಗೆ ಬಂದರೆ ಸ್ಟಂಪೇ ಇರಲ್ಲ.” ಹೊಳೆನರಸೀಪುರದಲ್ಲಿ ಒಂದೂ ರನ್ ಹೊಡೆಯದ, ಒಂದೂ ಓವರ್ ಎಸೆಯದ ಪಾಯಿಂಟ್ ಫೀಲ್ಡರ್ ಒಬ್ಬನ ಹೆಸರು ಬರೆದುಕೊಂಡರು. ಚೆಂಡು ಬ್ಯಾಟಿಗೆ ತಗಲುವ ಮೊದಲೇ ಆ ಹುಡುಗನ ಹೆಜ್ಜೆ ಸರಿಯಾದ ಕಡೆಗೆ ಹೊರಟಿರುತ್ತಿತ್ತು. ಸ್ಕೋರ್ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ. ಅಲ್ಲಿ ಹೋಗಿ ಕೂರದವರಿಗೆ ಆ ಹುಡುಗ ಆ ದಿನ ಆಡಿದ್ದೇ ಗೊತ್ತಾಗುವುದಿಲ್ಲ.

ಲೆಫ್ಟ್ ಆರ್ಮ್ ಸ್ಪಿನ್ನಿನ ಅರಕಲಗೂಡು ಹುಡುಗನಿಗೆ ಮೊದಲೆರಡು ಚೆಂಡಿಗೆ ಎರಡು ಸಿಕ್ಸರ್ ಬಿತ್ತು. ನಾಯಕ ಓಡಿ ಬಂದು ಕೈ ಆಡಿಸಿ ಏನೇನೋ ಹೇಳಿದ. ಗೆಳೆಯರು ಹೊರಗಿನಿಂದ “ಫಾಸ್ಟ್ ಹಾಕ್ಲಾ” ಎಂದು ಕೂಗಿದರು. ಹುಡುಗ ಚೆಂಡನ್ನು ಪ್ಯಾಂಟಿಗೆ ಒರೆಸಿ, ಅದೇ ಗುರುತಿನಿಂದ, ಅದೇ ನಾಲ್ಕು ಹೆಜ್ಜೆಯಲ್ಲಿ ಬಂದು, ಇನ್ನೂ ನಿಧಾನವಾಗಿ, ಇನ್ನೂ ಎತ್ತರಕ್ಕೆ ಬಿಟ್ಟ. ಲಾಂಗ್ ಆನ್‌ನಲ್ಲಿ ಕ್ಯಾಚ್. “ಹೊಡೆಸಿಕೊಂಡ ಮೇಲೂ ಬೆದರಲಿಲ್ಲ ನೋಡು, ಅದನ್ನ ಕಲಿಸೋಕಾಗಲ್ಲ” ಎಂದು ಭಾವ ಪುಸ್ತಕ ತೆಗೆದರು. ಪಂದ್ಯ ಮುಗಿದ ಮೇಲೆ ಚುರುಮುರಿ ಗಾಡಿಯ ಬಳಿ ಕರೆದು, ಲೆದರ್ ಬಾಲ್ ಹಾಕಿದ್ದೀಯೇನಪ್ಪ ಎಂದರೆ, “ಒಂದ್ಸಲ ಹಿಡ್ಕೊಂಡು ನೋಡಿದ್ದೀನಿ ಸಾ, ಭಾರ ಇತ್ತು” ಅಂದ. ಭಾರ ಇರುವುದು ನಿಜವೇ. ಮಾಮೂಲಿ ಟೆನಿಸ್ ಚೆಂಡು 58 ಗ್ರಾಂ ಆಸುಪಾಸು; ಕ್ರಿಕೆಟ್ಟಿನದು 160. ಮುಂದಿನ ವಾರ ಹಾಸನಕ್ಕೆ ಬಾ, ನೆಟ್ಸ್‌ನಲ್ಲಿ ಹಾಕಿಸುತ್ತೇನೆ ಎಂದರು ಭಾವ. “ಶುಂಠಿ ನಾಟಿ ಐತೆ ಸಾ.”

ವಯಸ್ಸು ಕೇಳುವುದು ಇನ್ನೊಂದು ಕಥೆ. ನಮ್ಮ ಕಡೆ ಹದಿನಾರರ ಒಳಗಿನ ತಂಡಕ್ಕೆ ಮೀಸೆ ಬೋಳಿಸಿಕೊಂಡು ಬರುವವರಿದ್ದಾರೆ. ಅದಕ್ಕೇ ಬಿಸಿಸಿಐ ಈಗ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯನ್ನೇ ವಿಚಾರಿಸುತ್ತದೆ. ಹಾಗೆಂದು ವಯಸ್ಸೇ ಎಲ್ಲ ಅಲ್ಲ. ಅದೇ ಮಂಡಳಿ 2002ರಲ್ಲಿ ಪ್ರತಿಭೆ ಹುಡುಕುವ ವಿಭಾಗ ತೆರೆದು ಹಳೆಯ ಆಟಗಾರರನ್ನು ಸಣ್ಣ ಊರುಗಳಿಗೆ ಅಟ್ಟಿತು. ಮರುವರ್ಷ ಜಮ್‌ಶೆಡ್‌ಪುರದಲ್ಲಿ ಅವರಲ್ಲೊಬ್ಬರಾದ ಪ್ರಕಾಶ್ ಪೋದ್ದಾರ್ ಒಬ್ಬ ಹುಡುಗನನ್ನು ಕಂಡರು. ವಿಭಾಗದ ವಯೋಮಿತಿ ದಾಟಿದ್ದರೂ ವರದಿ ಬರೆದು ಕಳಿಸಿದರು. ಹುಡುಗನ ಹೆಸರು ಮಹೇಂದ್ರ ಸಿಂಗ್ ಧೋನಿ.

ಆದರೆ ಕಂಡರಷ್ಟೇ ಸಾಲದು. ನಮ್ಮ ಅರಸೀಕೆರೆಯ ಡೇವಿಡ್ ಜಾನ್ಸನ್ ಅವರಿಗೂ ಬೆಂಗಳೂರಿನ ಮೈದಾನ, ರಾಜ್ಯ ತಂಡ ಸಿಕ್ಕಿದ ಮೇಲೆಯೇ 1996ರಲ್ಲಿ ಎರಡು ಟೆಸ್ಟ್ ಆಡಲು ಆದದ್ದು. ಜಿಲ್ಲೆಯ ಹುಡುಗ ಮೇಲೆ ಬರಬೇಕಾದರೆ ಯಾರಾದರೂ ನೋಡಬೇಕು, ಆಮೇಲೆ ಮೈಸೂರಿನದೋ ಬೆಂಗಳೂರಿನದೋ ಬಸ್ಸು ಹತ್ತಿಸಬೇಕು. ಮೊದಲನೆಯದನ್ನು ಊರೆಲ್ಲ ಮಾಡುತ್ತದೆ, ಎರಡನೆಯದರ ಹೊತ್ತಿಗೆ ಮೈದಾನ ಖಾಲಿಯಾಗಿರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಕಾಲೇಜು ಮೈದಾನದಲ್ಲಿ ಟೂರ್ನಿ ನಡೆದರೆ ಹೋಗಿ ಕೂರಿ. ಸಿಕ್ಸರ್‌ಗೆ ಶಿಳ್ಳೆ ಹಾಕುವುದು ಬೇರೆಯವರು ನೋಡಿಕೊಳ್ಳುತ್ತಾರೆ. ಚೆನ್ನಾಗಿ ಆಡುವ ಹುಡುಗ ಕಂಡರೆ ಹೆಸರು, ಊರು, ಅಪ್ಪನ ಫೋನ್ ನಂಬರ್ ಬರೆದುಕೊಳ್ಳಿ. ಆಯ್ಕೆ ಟ್ರಯಲ್ಸ್ ಇದೆ ಎಂದು ಪೇಪರಿನಲ್ಲಿ ಬಂದ ದಿನವೇ ಫೋನ್ ಮಾಡಿ, ಜನನ ಪ್ರಮಾಣಪತ್ರ ಇಟ್ಟುಕೊಳ್ಳಲು ಹೇಳಿ. ಬಸ್ ಚಾರ್ಜನ್ನೂ ನೀವೇ ಕೊಟ್ಟರೆ ಇನ್ನೂ ಒಳ್ಳೆಯದು. ಶುಂಠಿ ನಾಟಿಗೆ ಒಬ್ಬ ಆಳನ್ನು ಹೊಂದಿಸಿಕೊಟ್ಟರಂತೂ ಹುಡುಗ ಖಂಡಿತ ಬರುತ್ತಾನೆ.